ಹನುಮಮ್ಮ ಕೇಳಿದ ಹತ್ತು ಹುಣಸೆ ಬೀಜ

ಹಾಂ, ಅದನ್ನೇ ಹೇಳುತ್ತಿದ್ದೆ, ಮಧ್ಯದಲ್ಲಿ ಮಾತು ಎಲ್ಲಿಗೋ ಹೋಯಿತು. ತಿಪ್ಪೇಶಣ್ಣ ಸೋಲಾರ್ ಮಾರುವವರು ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಅದು ಪೂರ್ತಿ ನಿಜ ಅಲ್ಲ. ಹೊಸದುರ್ಗದಲ್ಲಿ ಹೊಳಲ್ಕೆರೆ ರಸ್ತೆ ಕಡೆ ಅವರದೊಂದು ಸಣ್ಣ ಅಂಗಡಿ ಇದೆ, ಅಲ್ಲಿ ಪ್ಯಾನೆಲ್ಲೂ ಇದೆ ಬ್ಯಾಟರಿಯೂ ಇದೆ, ಸರಿ. ಆದರೆ ಅವರ ಅಸಲಿ ಕೆಲಸ ಅಂಗಡಿಯೊಳಗೆ ನಡೆಯುವುದಿಲ್ಲ. ಕರೆಂಟಿನ ಕಂಬ ಬರದ ಮನೆಗಳಿರುತ್ತವಲ್ಲ, ಊರಿನಿಂದ ಎರಡು ಮೂರು ಮೈಲಿ ಆಚೆ, ಗುಡ್ಡದ ಹಿಂದೆ, ಹೊಲದ ನಡುವೆ, ಅಂಥ ಮನೆಗೆ ಹೋಗಿ ಕೂತು, ಈ ಮನೆಗೆ ಯಾವ ಫ್ಯಾನು ಸರಿ, ಯಾವ ಟೀವಿ ಸರಿ, ಯಾವುದು ಬೇಡವೇ ಬೇಡ ಅಂತ ಮನೆಯವರ ಜೊತೆ ಆರಿಸುವುದು ಅವರ ಕೆಲಸ. ಪ್ಯಾನೆಲ್ ಎಲ್ಲ ಆಮೇಲಿನ ಮಾತು.

ಮೊದಲು ಅವರು ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುತ್ತಿದ್ದರು. ಹದಿನೆಂಟು ವರ್ಷ ಅದೇ. ಸುಟ್ಟ ಮೋಟರನ್ನು ಮೂಸಿ ನೋಡಿಯೇ, "ಇದು ವೋಲ್ಟೇಜ್ ಕಮ್ಮಿ ಆಗಿ ಸುಟ್ಟೈತೆ, ಇದು ನೀರಿಲ್ದೆ ಓಡಿ ಸುಟ್ಟೈತೆ" ಅಂತ ಹೇಳುತ್ತಿದ್ದರಂತೆ. ಈಗ ನಲವತ್ತಾರು ವಯಸ್ಸು. ಎಡಗೈ ಹೆಬ್ಬೆರಳಿನಲ್ಲಿ ತಂತಿ ಎಳೆದೆಳೆದು ಒಂದು ಗೆರೆ ಹಾಗೇ ಉಳಿದುಬಿಟ್ಟಿದೆ. ನಾನು ಕಾಲೇಜಿನ ಪ್ರಾಜೆಕ್ಟಿಗೆ ಅಂತ ಒಂದು ದಿನ ಅವರ ಜೊತೆ ಹೋದವಳು, ಪ್ರಾಜೆಕ್ಟು ಮುಗಿದು ಎರಡು ವರ್ಷ ಆದಮೇಲೂ ಹೋಗುತ್ತಲೇ ಇದ್ದೇನೆ. ಯಾಕೆ ಅಂದರೆ ಆ ಬೀಜದ ಆಟ ನೋಡೋಕೆ.

ಬೀಜದ ಆಟ ಅಂದರೆ ಹೀಗೆ. ತಿಪ್ಪೇಶಣ್ಣನ ಚೀಲದಲ್ಲಿ ಒಂದು ಬಟ್ಟೆ ಗಂಟು ಇರುತ್ತದೆ, ಅದರ ತುಂಬ ಹುಣಸೆ ಬೀಜ. ಆಗೆಲ್ಲ ಮನೆಯ ಜಗಲಿ ಮೇಲೆ ಕೂತು ಅದನ್ನು ಸುರಿಯುತ್ತಿದ್ದರು. ಒಂದು ಬೀಜ ಅಂದರೆ ಹತ್ತು ವ್ಯಾಟಿನ ಬಲ್ಬು ಒಂದು ಗಂಟೆ ಉರಿದಷ್ಟು ಕರೆಂಟು. ನೂರಿಪ್ಪತ್ತು ಬೀಜ ಎಣಿಸಿ, "ಇವತ್ತಿನ ಬಿಸಿಲು ಇಷ್ಟೇ ನೋಡ್ರಪ್ಪ" ಅನ್ನುತ್ತಾರೆ. ಅದರಲ್ಲಿ ಇಪ್ಪತ್ತನ್ನು ಮೊದಲೇ ಪಕ್ಕಕ್ಕೆ ಸರಿಸಿಡುತ್ತಾರೆ, ಅದು ಮೋಡದ ಪಾಲು, ಯಾರೂ ಮುಟ್ಟುವ ಹಾಗಿಲ್ಲ. ಉಳಿದ ನೂರನ್ನು ಮನೆಯವರೇ ಹಂಚಬೇಕು. ಹಳೇ ಫ್ಯಾನು ಹತ್ತು ಗಂಟೆ ತಿರುಗಿದರೆ ಎಪ್ಪತ್ತೈದು ಬೀಜ ತಿನ್ನುತ್ತದೆ. ಈಗ ಬರುವ ಬಿಎಲ್‌ಡಿಸಿ ಫ್ಯಾನು ಅಷ್ಟೇ ಗಾಳಿಗೆ ಇಪ್ಪತ್ತೆಂಟು. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೀಜದ ಎರಡು ಗುಡ್ಡೆ ಪಕ್ಕಪಕ್ಕ ಇಟ್ಟರೆ ಅಜ್ಜಂದಿರೂ ಬಗ್ಗಿ ನೋಡುತ್ತಾರೆ.

ಇಸ್ತ್ರಿ ಪೆಟ್ಟಿಗೆ ಬೇಕು ಅಂತ ಯಾರಾದರೂ ಕೇಳಿದರೆ ತಿಪ್ಪೇಶಣ್ಣನಿಗೆ ಆಗೆಲ್ಲ ಖುಷಿಯೋ ಖುಷಿ. ಕಾಲು ಗಂಟೆಗೆ ಇಪ್ಪತ್ತೈದು ಬೀಜ ಬಾಚಿ ಎತ್ತಿಬಿಡುತ್ತಿದ್ದರು. "ಇದು ಊಟಕ್ಕೆ ಬಂದ ಬೀಗರಿದ್ದಂಗೆ ಕಣ್ರಿ, ಮಡಕೆ ಖಾಲಿ ಮಾಡೇ ಎದ್ದೇಳೋದು" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನಂತೂ ಐವತ್ತು ಸಲ ಕೇಳಿದ್ದೇನೆ, ಐವತ್ತು ಸಲವೂ ನಕ್ಕಿದ್ದೇನೆ.

ಇಷ್ಟೆಲ್ಲ ಹೊಗಳಿದೆ. ಈಗ ಅವರೇ ಯಾರಿಗೂ ಹೇಳಿಕೊಳ್ಳದ ಸಂಗತಿಗೆ ಬರುತ್ತೇನೆ. ಬರೆಯಲಾ ಅಂತ ಕೇಳಿದಾಗ, "ಬರಿ, ಆದ್ರೆ ನಂದು ಸರಿ ಇತ್ತು ಅನ್ನೋ ಹಂಗೆ ಬರಿಬ್ಯಾಡ" ಅಂದರು.

ಮತ್ತೋಡಿನಿಂದ ಆಚೆ ಗುಡ್ಡದ ಬುಡದಲ್ಲಿ ಸಣ್ಣಪ್ಪ ಮತ್ತು ಹನುಮಮ್ಮ ಅನ್ನುವ ಗಂಡ ಹೆಂಡತಿಯ ಮನೆ. ಹೊಲದಲ್ಲೇ ಮನೆ ಕಟ್ಟಿಕೊಂಡು ಬಂದು ಬಹಳ ವರ್ಷ ಆಗಿದೆ. ಸಾವೆ, ಹುರುಳಿ, ಒಂದಿಷ್ಟು ತೆಂಗು, ನಾಲ್ಕು ಕುರಿ. ಅವರ ಮನೆಗೆ ಕಂಬ ತರಬೇಕಾದರೆ ಹಳ್ಳ ದಾಟಿಸಬೇಕು, ಅದು ಆಗಲಿಲ್ಲ. ತಮಾಷೆ ಏನು ಗೊತ್ತಾ, ಅವರ ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರಗಳು. ನಾವು ಮೊದಲ ಸಲ ಹೋದಾಗ ಸಣ್ಣಪ್ಪ ಮೇಲೆ ಕೈ ತೋರಿಸಿ, "ತಲೆ ಮ್ಯಾಲೆ ಅಷ್ಟಷ್ಟ್ ದೊಡ್ಡ ಫ್ಯಾನ್ ತಿರುಗ್ತಾವೆ, ನಮಗೆ ಮಾತ್ರ ಬೆವರಿಗೆ ಟವಲ್ಲೇ ಗತಿ" ಅಂದರು. "ಬರ್ರಿ, ಕುಂತ್ಕಳ್ರಿ" ಅಂತ ಕಂಬಳಿ ಹಾಸಿದರು.

ಹನುಮಮ್ಮ ಒಳಗಿಂದ ಬಂದರು. ಐವತ್ತರ ಮೇಲಿನ ವಯಸ್ಸು, ಬಲಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದರು.

"ಮಜ್ಜಿಗೆ ತರ್ಲೇನಪ್ಪ?"

"ಬ್ಯಾಡ ಕಣವ್ವ, ಈಗ ಕುಡ್ಕಂಡೇ ಬಂದ್ವಿ" ಅಂದರು ತಿಪ್ಪೇಶಣ್ಣ. ಎಲ್ಲೂ ಏನೂ ಕುಡಿದಿರಲಿಲ್ಲ, ನನ್ನ ಗಂಟಲು ಒಣಗಿ ಹೋಗಿತ್ತು.

"ಅರ್ಧ ಲೋಟ?"

"ಏ, ಬ್ಯಾಡ ಬ್ಯಾಡ."

ಹನುಮಮ್ಮ ಮೂರನೇ ಸಲ ಕೇಳದೆ ಎರಡು ದೊಡ್ಡ ಲೋಟ ತಂದಿಟ್ಟರು, ನಾವು ಗಟಗಟ ಕುಡಿದೆವು. ನಮ್ಮ ಕಡೆ ಇದು ಹೀಗೇ. ಮೊದಲನೇ 'ಬೇಡ' ಮರ್ಯಾದೆಗೆ, ಎರಡನೇದು ರೂಢಿಗೆ. ಮೂರನೇ ಸಲ ಕೇಳಿದಾಗ ಬೇಡ ಅಂದರೆ ಮಾತ್ರ ಅದು ಬೇಡ. ಹೆಣ್ಣುಮಕ್ಕಳಿಗಂತೂ ಸೀರೆ ಆಗಲಿ ಇನ್ನೊಂದು ತುತ್ತು ಅನ್ನ ಆಗಲಿ, ಕೇಳಿದ ಕೂಡಲೇ ಹೂಂ ಅಂದರೆ ಆಸೆಬುರುಕಿ ಅಂತ ಹೆಸರು. ಇದು ತಿಪ್ಪೇಶಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಮೇಲೆ ನೋಡಿದಿರಲ್ಲ, ಮಜ್ಜಿಗೆ ವಿಷಯದಲ್ಲಿ ಅವರೇ ಮಾಡಿದ್ದು ಅದು.

ಬೀಜ ಸುರಿದರು. ನೂರಿಪ್ಪತ್ತು, ಮೋಡದ ಪಾಲು ಇಪ್ಪತ್ತು ಪಕ್ಕಕ್ಕೆ. ಸಣ್ಣಪ್ಪ ಎದುರಿಗೆ ಕೂತರು. ಹನುಮಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ನಾಲ್ಕು ಎಲ್‌ಇಡಿ ಬಲ್ಬಿಗೆ ಹದಿನಾಲ್ಕು ಬೀಜ ಹೋಯಿತು. ಒಂದು ಬಿಎಲ್‌ಡಿಸಿ ಫ್ಯಾನಿಗೆ ಇಪ್ಪತ್ತೆಂಟು. ಸಣ್ಣ ಟೀವಿ ನಾಲ್ಕು ಗಂಟೆ ನೋಡಲು ಹನ್ನೆರಡು, ಮೊಬೈಲಿಗೆ ಮೂರು. ಇನ್ನೂ ನಲವತ್ತಮೂರು ಬೀಜ ಉಳಿದಿತ್ತು.

"ಅಷ್ಟೊಂದ್ ಉಳಿತಲ್ಲಯ್ಯ" ಅಂದರು ಸಣ್ಣಪ್ಪ. "ಹಂಗಾದ್ರೆ ಒಂದ್ ಫ್ರಿಜ್ ಹಾಕು. ಹಿರಿಯೂರಲ್ಲಿ ನಮ್ಮ ಭಾವಮೈದನ ಮನೇಲಿ ಐತೆ. ನಾವು ಹೋದ್ರೆ ತಣ್ಣೀರು ಕೊಡ್ತಾನೆ, ಅವನು ಬಂದ್ರೆ ನಾನು ಮಡಕೆ ತೋರಿಸ್ಬೇಕು."

ಬೇರೆ ಯಾರಾದರೂ ಆಗಿದ್ದರೆ ಆಗಲ್ಲ ಅಂದುಬಿಡುತ್ತಿದ್ದರು. ತಿಪ್ಪೇಶಣ್ಣನಿಗೆ ಅದು ಸವಾಲಿನ ಹಾಗೆ ಕಂಡಿತು. ನೇರ ಬ್ಯಾಟರಿಯಿಂದಲೇ ಓಡುವ ಸಣ್ಣ ಡಿಸಿ ಫ್ರಿಜ್ಜು ಬಂದಿದೆ, ಗೋಡೆ ದಪ್ಪ, ಮೇಲಿನಿಂದ ಮುಚ್ಚಳ ತೆರೆಯುವಂಥದ್ದು. ದಿನಕ್ಕೆ ನಲವತ್ತು ಬೀಜ ಸಾಕು. ಅವರು ನಲವತ್ತು ಎಣಿಸಿ ಸಣ್ಣಪ್ಪನ ಮುಂದೆ ಗುಡ್ಡೆ ಹಾಕಿದರು. ಆ ನೂರಿಪ್ಪತ್ತು ಬೀಜ ಕೊಡುವ ಮುನ್ನೂರು ವ್ಯಾಟಿನ ಪ್ಯಾನೆಲ್ಲಿನಲ್ಲಿ ಫ್ರಿಜ್ಜು! ಅವರ ಮುಖ ನೋಡಬೇಕಿತ್ತು ನೀವು ಆಗ.

ಬಾಗಿಲಿನಿಂದ ಹನುಮಮ್ಮ ಕೇಳಿದರು, "ಅದ್ರಾಗೆ ಒಂದ್ ಹತ್ತು ಬೀಜ ಮಿಗಲ್ವೇನಪ್ಪ?"

"ಮೂರು ಮಿಗ್ತಾವೆ ಕಣವ್ವ. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ. ಏನೂ ಬ್ಯಾಡ ಬಿಡು."

ತಿಪ್ಪೇಶಣ್ಣ ಬಿಟ್ಟರು. ಅಷ್ಟೇ ಆಗಿದ್ದು. ನಾನೂ ಅಲ್ಲೇ ಇದ್ದೆ, ನನ್ನ ಕಿವಿಗೂ ಅದು ಬಿತ್ತು.

ಮುಂದಿನ ವಾರ ಸಾಮಾನು ತಂದು ಜೋಡಿಸಿದರು. ಆ ಮನೆಗೆ ಒಂದೇ ಒಂದು ದೊಡ್ಡ ಕಿಟಕಿ, ಮೂಡಣ ದಿಕ್ಕಿಗೆ. ಬೆಳಗಿನ ಬೆಳಕು ಪೂರ್ತಿ ಅಲ್ಲಿ ಬೀಳುತ್ತಿತ್ತು. ಆ ಬೆಳಕಿನಲ್ಲಿ ಒಂದು ಹಳೇ ಹೊಲಿಗೆ ಮಷಿನ್ ಇತ್ತು. ಕರಿ ಬಣ್ಣ, ಮೇಲಿನ ಬಂಗಾರದ ಹೂವೆಲ್ಲ ಅರ್ಧ ಅಳಿಸಿ ಹೋಗಿತ್ತು, ಪಕ್ಕದಲ್ಲಿ ಗೋಣಿಚೀಲದ ತುಂಬ ಕತ್ತರಿಸಿದ ಬಟ್ಟೆ ಚೂರು. ಬ್ಯಾಟರಿಗೆ ಗಾಳಿಯಾಡುವ ಜಾಗ ಬೇಕು. ತಿಪ್ಪೇಶಣ್ಣ ಸುತ್ತ ನೋಡಿ, "ಅವ್ವಾ, ಇಲ್ಲಿ ಬ್ಯಾಟರಿ ಇಡಾಣ. ಇದನ್ನ ಒಳಮನೆಗೆ ಇಟ್ಕಂತೀರೇನು?" ಅಂದರು.

"ಇಟ್ಕಂತೀನಪ್ಪ, ಅದ್ಕೇನು" ಅಂದರು ಹನುಮಮ್ಮ.

ಮಷಿನ್ನಿನ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ತಿಪ್ಪೇಶಣ್ಣ. ಒಳಮನೆಯಲ್ಲಿ ಕಿಟಕಿಯೇ ಇರಲಿಲ್ಲ. ಜೋಳದ ಚೀಲದ ಪಕ್ಕ ಇಟ್ಟು ಬಂದೆವು.

ಆಮೇಲೆ ಒಂದು ವರ್ಷ ತಿಪ್ಪೇಶಣ್ಣನ ಬಾಯಲ್ಲಿ ಸಣ್ಣಪ್ಪನ ಮನೆಯದ್ದೇ ಮಾತು. ಹೊಳಲ್ಕೆರೆಯಲ್ಲಿ ಯಾರೋ ಫ್ರಿಜ್ ಆಗಲ್ಲ ಅಂದರೆ, "ಹೋಗಾಣ ಬರ್ರಿ, ತೋರಿಸ್ತೀನಿ" ಅಂತ ಬೈಕಿಗೆ ಹತ್ತಿಸಿಕೊಂಡು ಹೊರಟೇಬಿಡುತ್ತಿದ್ದರು. ಹಿರಿಯೂರು ಕಡೆಯವರನ್ನೂ ಕರೆದುಕೊಂಡು ಬಂದಿದ್ದಾರೆ. ಹೋದವರಿಗೆಲ್ಲ ಹನುಮಮ್ಮ ಕೈ ಒರೆಸಿಕೊಂಡು ಬಂದು ಫ್ರಿಜ್ಜಿನ ಮುಚ್ಚಳ ಎತ್ತಿ ತೋರಿಸುತ್ತಿದ್ದರು. ಒಳಗೆ ಏನಿರುತ್ತಿತ್ತು ಅಂತೀರಿ, ಎರಡು ಬಾಟಲಿ ನೀರು, ಒಂದು ಕಟ್ಟು ಕೊತ್ತಂಬರಿ, ಅರ್ಧ ಹೋಳು ನಿಂಬೆಹಣ್ಣು. ನಾನು ಒಂದು ಫೋಟೋ ಕೂಡ ತೆಗೆದು ಸ್ಟೇಟಸ್ಸಿಗೆ ಹಾಕಿದ್ದೆ. ಆ ಫೋಟೋ ಈಗ ನೋಡಿದರೆ ಹಿಂದೆ, ಬಾಗಿಲಾಚೆಯ ಜಗಲಿಯಲ್ಲಿ ಹನುಮಮ್ಮ ಕಾಲು ನೀಡಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿರುವುದು ಕಾಣುತ್ತದೆ. ಆಗ ನಮಗೆ ಫ್ರಿಜ್ಜು ಮಾತ್ರ ಕಂಡಿತ್ತು.

ಹದಿನಾಲ್ಕು ತಿಂಗಳಾದ ಮೇಲೆ ಪ್ಯಾನೆಲ್ಲಿನ ಧೂಳು ಒರೆಸಿ ಬ್ಯಾಟರಿ ನೋಡಿ ಬರೋಣ ಅಂತ ಹೋದೆವು. ಹನುಮಮ್ಮ ಹೊರಗೆ ಕೂತು ಸಣ್ಣಪ್ಪನ ಅಂಗಿಯ ತೋಳಿಗೆ ಕೈಸೂಜಿಯಲ್ಲಿ ಹೊಲಿಗೆ ಹಾಕುತ್ತಿದ್ದರು. ತಿಪ್ಪೇಶಣ್ಣನಿಗೆ ಅದು ವಿಚಿತ್ರ ಅನ್ನಿಸಿತು.

"ಯಾಕವ್ವ ಕೈಯಾಗೆ ಹೊಲಿತಿದೀಯ? ಮಷಿನ್ ಐತಲ್ಲ."

"ಎಲ್ಲೈತಪ್ಪ? ನಮ್ಮಕ್ಕನ ಸೊಸೆ ದೀಪಾಗೆ ಕೊಟ್ಟೆ. ಹೊರಕೆರೆದೇವಪುರದಾಗೆ ಅವಳೆ."

"ಯಾಕೆ ಕೊಟ್ಟೆ?"

"ಒಳಮನೇಲಿ ಬೆಳಕಿಲ್ಲ. ಬಲ್ಬ್ ಹಾಕ್ಕಂಡ್ರೆ ದಾರ ಏನೋ ಕಾಣ್ತಿತ್ತು. ಆದ್ರೆ ಈ ಕಾಲು ಕೇಳ್ಬೇಕಲ್ಲ. ಇನ್ನು ತುಳಿಬ್ಯಾಡ, ತುಳಿದ್ರೆ ನಡೆಯಾಕೂ ಆಗಲ್ಲ ಅಂದ್ರು ಡಾಕ್ಟ್ರು."

"ಅಯ್ಯೋ, ಸಣ್ಣದೊಂದ್ ಮೋಟ್ರು ಹಾಕಿದ್ರೆ ತುಳಿಯೋದೇ ಬ್ಯಾಡವಲ್ಲವ್ವ. ಐವತ್ತು ವ್ಯಾಟಿನ ಮೋಟ್ರು ಬರ್ತೈತೆ. ನೀನು ಕೇಳಿದ್ರೆ..."

ಹನುಮಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು. "ಕೇಳಿದ್ನಲ್ಲಪ್ಪ. ಹತ್ತು ಬೀಜ."

ತಿಪ್ಪೇಶಣ್ಣ ಬೆರಳು ಮಡಚತೊಡಗಿದರು. ಅವರು ಮನಸ್ಸಿನಲ್ಲೇ ಗುಣಿಸುತ್ತಿದ್ದುದು ನನಗೆ ಕಂಡಿತು. ಐವತ್ತು ವ್ಯಾಟು, ಎರಡು ಗಂಟೆ. ಹತ್ತು ಬೀಜ, ಸರಿಯಾಗಿ ಹತ್ತು.

"ಎಷ್ಟು ಬೇಕು ಅಂತ ಯಾರು ಹೇಳಿದ್ರವ್ವ ನಿಂಗೆ?"

"ನೀನೇ ಹೇಳ್ದೆ. ಒಂದ್ ಬೀಜ ಅಂದ್ರೆ ಎಷ್ಟು ಅಂತ ಅವತ್ತು ಹೇಳ್ತಿದ್ದಲ್ಲ, ಬಾಗಿಲಾಗೆ ನಿಂತು ಕೇಳಿಸ್ಕಂಡೆ. ಮೋಟ್ರು ಐವತ್ತು ಅಂತ ಹೊಸದುರ್ಗದಾಗೆ ದಾರದಂಗಡಿಯೋನು ಮೊದ್ಲೇ ಹೇಳಿದ್ದ. ಎಲ್ಡು ಗಂಟೆ ಹೊಲಿದ್ರೆ ಸಾಕಿತ್ತು ನಂಗೆ."

ಎಷ್ಟೋ ಗಂಡಸರು ಮೂರು ಸಲ ಹೇಳಿದರೂ ತಲೆ ಕೆರೆದುಕೊಳ್ಳುವ ಲೆಕ್ಕವನ್ನು ಈ ಹೆಂಗಸು ಬಾಗಿಲಲ್ಲಿ ನಿಂತು ಬಿಡಿಸಿದ್ದರು. ಅಂಥವರ ಕೈಗೆ ಒಂದು ಬೀಜವನ್ನೂ ಯಾರೂ ಕೊಟ್ಟಿರಲಿಲ್ಲ.

"ಮತ್ತೆ ಬಾಯ್ಬಿಟ್ಟು ಯಾಕವ್ವ ಹೇಳ್ಲಿಲ್ಲ?"

"ಹೇಳ್ದೆ ಕಣಪ್ಪ. ನೀನು ಯಾಕೆ ಅಂದೆ. ನಾನು ಸುಮ್ನೆ ಅಂದೆ. ನೀನೂ ಸುಮ್ನಾದೆ."

ಬೈದಿದ್ದರೆ ಚೆನ್ನಾಗಿರುತ್ತಿತ್ತು ಅಂತ ತಿಪ್ಪೇಶಣ್ಣ ಆಮೇಲೆ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ. ಹನುಮಮ್ಮ ಬೈಯಲಿಲ್ಲ. ಅಂಗಿಯ ಗುಂಡಿ ಹಾಕಿ ನೋಡಿ, ದಾರ ಕಚ್ಚಿ ಕತ್ತರಿಸಿ, ಮಜ್ಜಿಗೆ ತರಲು ಒಳಗೆ ಹೋದರು.

ಮುಂದಿನ ಭಾನುವಾರ ತಿಪ್ಪೇಶಣ್ಣ ಹೊಸ ಮೋಟರೊಂದನ್ನು ಚೀಲದಲ್ಲಿ ಇಟ್ಟುಕೊಂಡು ಹೊರಕೆರೆದೇವಪುರಕ್ಕೆ ಹೊರಟರು. ದೀಪಾಗೆ ಬೇರೆ ಮಷಿನ್ ಕೊಡಿಸುತ್ತೇನೆ ಅಂತ ಹೇಳಿ ಹಳೆಯದನ್ನು ವಾಪಸ್ ಹನುಮಮ್ಮನಿಗೆ ತರಬೇಕು, ಮೋಟರ್ ಹಾಕಿ ಅದೇ ಕಿಟಕಿಯ ಹತ್ತಿರ ಇಡಬೇಕು, ಇಷ್ಟು ಅವರ ಯೋಚನೆ. ದಾರಿಯುದ್ದಕ್ಕೂ ನನಗೆ ಹೇಳಿದ್ದು ಅದನ್ನೇ. "ಹಳೇ ಮಷಿನ್ನೇ ಆಗ್ಬೇಕು ಕಣಮ್ಮ. ಕೈಗೆ ಅದ್ರ ಗುರುತಿರುತ್ತೆ."

ದೇವಸ್ಥಾನದ ಹಿಂದಿನ ಓಣಿಯಲ್ಲಿ ಮನೆ. ಮಷಿನ್ ಬಾಗಿಲಲ್ಲೇ ಇತ್ತು. ದೀಪಾ ಅನ್ನುವ ಆ ಹುಡುಗಿ ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು, ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ ಗುಡ್ಡೆ ಹಾಕಿಕೊಂಡು ಎರಡೂ ಕಾಲಲ್ಲಿ ದಡದಡ ತುಳಿಯುತ್ತಿದ್ದಳು. ನಾವು ಯಾರು ಅಂತ ಹೇಳಿದ ಕೂಡಲೇ ಎದ್ದಳು.

"ಚಿಕ್ಕತ್ತೆ ಊರಿಂದ ಬಂದ್ರಾ? ಬರ್ರಿ ಬರ್ರಿ. ಅವ್ರು ಕೊಟ್ಟಿದ್ದೇ ಕಣ್ರಿ ಇದು. ನಮ್ಮನೆಯೋರ ಕೆಲ್ಸ ಹೋಗಿತ್ತು, ಇದಿಲ್ದಿದ್ರೆ ನಾನು ಕೂಲಿಗೆ ಹೋಗ್ಬೇಕಿತ್ತು. ಎಷ್ಟು ಚೆನ್ನಾಗಿ ಓಡ್ತೈತೆ ನೋಡ್ರಿ, ಕೈ ಹೇಳಿದಂಗೆ ಕೇಳ್ತೈತೆ." ಮಷಿನ್ನಿನ ಮೈ ಮೇಲೆ ಕುಂಕುಮ ಇತ್ತು. ಹೂವೂ ಇತ್ತು.

ತಿಪ್ಪೇಶಣ್ಣ ಚೀಲದ ಜಿಪ್ಪನ್ನು ಎಳೆಯಲೇ ಇಲ್ಲ. ಬೇರೆ ಮಷಿನ್ ಕೊಡಿಸುವ ಮಾತೂ ಬಾಯಿಗೆ ಬರಲಿಲ್ಲ. ನಾಲ್ಕು ಕಡೆ ಎಣ್ಣೆ ಬಿಟ್ಟರು, ಸಡಿಲ ಆಗಿದ್ದ ಬೆಲ್ಟನ್ನು ಬಿಗಿ ಮಾಡಿಕೊಟ್ಟರು, ಟೀ ಕುಡಿದು ಎದ್ದರು. ಬೈಕ್ ಹತ್ತಿದ ಮೇಲೆ ಅಂದಿದ್ದು ಒಂದೇ ಮಾತು. "ಅಲ್ಲಿ ಕಿತ್ಕಂಡಿದ್ದಾಗೈತೆ, ಇಲ್ಲೂ ಕಿತ್ಕಳಾದಾ?"

ಆದರೆ ಸುಮ್ಮನೆ ಕೂರುವವರಲ್ಲ ಅವರು. ಹದಿನೈದು ದಿನ ಹುಡುಕಿ, ಮೇಜಿನ ಮೇಲೆ ಇಟ್ಟು ಹೊಲಿಯುವ ಹಗುರವಾದ ಒಂದು ಮಷಿನ್ ತಂದರು. ಅದಕ್ಕೆ ಡಿಸಿ ಮೋಟರ್ ಕೂರಿಸಿದರು. ಕಾಲಿನ ಬದಲು ಮೊಣಕೈಯಲ್ಲಿ ಒತ್ತುವ ಹಾಗೆ ಸ್ವಿಚ್ಚನ್ನು ಮೇಜಿನ ಅಂಚಿಗೆ ಹಾಕಿದರು, ಅದು ಅವರದೇ ಬುದ್ಧಿ. ಅಂಗಡಿಯಲ್ಲಿ ತಾವೇ ಹಳೇ ಲುಂಗಿ ಹೊಲಿದು ನೋಡಿದರು. ಅವರ ಹೆಂಡತಿ ರೇಣುಕಕ್ಕ ಆ ಹೊಲಿಗೆ ನೋಡಿ, "ಹಾವು ಹೋದ ದಾರಿ ಇದ್ದಂಗೈತೆ" ಅಂತ ನಕ್ಕರು. ಆ ಹತ್ತು ಬೀಜಕ್ಕೆ ಅಂತ ಒಂದು ಸಣ್ಣ ಪ್ಯಾನೆಲ್ಲನ್ನೂ ಕಟ್ಟಿಕೊಂಡು ಎಲ್ಲರೂ ಮತ್ತೋಡಿನ ಕಡೆ ಹೊರಟೆವು. ಸಾಮಾನಿನ ಜೊತೆ ತಿಪ್ಪೇಶಣ್ಣ ಬೈಕಿನಲ್ಲಿ, ನಾನೂ ರೇಣುಕಕ್ಕನೂ ಬಸ್ಸಿನಲ್ಲಿ.

ಮೊದಲು ಮಾಡಿದ ಕೆಲಸ ಬ್ಯಾಟರಿಯನ್ನು ಕಿಟಕಿಯಿಂದ ತೆಗೆದದ್ದು. ಹೊರಗಿನ ಗೋಡೆಗೆ ಜಾಲರಿ ಪೆಟ್ಟಿಗೆ ಮಾಡಿ ಅದರೊಳಗೆ ಇಟ್ಟರು. ಎರಡು ತಾಸಿನ ಕೆಲಸ. ಮೊದಲನೇ ದಿನವೇ ಇದನ್ನು ಮಾಡಬಹುದಿತ್ತು. ಕಿಟಕಿಯ ಬೆಳಕು ಮತ್ತೆ ನೆಲಕ್ಕೆ ಬಿತ್ತು. ಅಲ್ಲಿ ಮೇಜು ಹಾಕಿ ಮಷಿನ್ ಇಟ್ಟರು.

ಸಣ್ಣಪ್ಪ ಗೋಡೆಗೆ ಒರಗಿ ನೋಡುತ್ತಿದ್ದರು. "ಫ್ರಿಜ್ ಬೇಕಾದ್ರೆ ತಗಂಡೋಗಯ್ಯ. ಅದ್ರಾಗೇನೈತೆ, ನೀರೈತೆ" ಅಂದರು. ಆಮೇಲೆ ಯಾರನ್ನೂ ನೋಡದೆ, "ಮೂವತ್ತು ವರ್ಷ ಆತು. ಕಾಲು ನೋಯ್ತೈತೆ ಅಂತ ಒಂದಿನ ನಂಗಂದಿಲ್ಲ ಇವಳು" ಅಂದರು.

"ನೀನು ಕೇಳಿದ್ಯಾ?" ಅಂದರು ಹನುಮಮ್ಮ. ಜೋರಾಗಿ ಅಲ್ಲ. ಸಣ್ಣಪ್ಪ ಕುರಿಗೆ ಸೊಪ್ಪು ಹಾಕುವ ನೆಪದಲ್ಲಿ ಎದ್ದು ಹೋದರು.

ತಿಪ್ಪೇಶಣ್ಣ ಕುರ್ಚಿ ಎಳೆದರು. "ಕುಂತ್ಕ ಅವ್ವ. ಒಂದ್ಸಲ ಒತ್ತಿ ನೋಡು."

"ಬ್ಯಾಡಪ್ಪ."

"ತುಳಿಯೋ ಹಂಗೇ ಇಲ್ಲ. ಮೊಣಕೈ ಸಾಕು."

"ಬ್ಯಾಡ, ಸುಮ್ನೆ ಯಾಕೆ."

ಈ ಸಲ ಅವರು ಬಿಡಲಿಲ್ಲ. ನೆಲದ ಮೇಲೆ, ಅವರ ಎದುರಿಗೆ ಕೂತರು. "ಅವ್ವಾ, ಮೂರನೇ ಸಲ ಕೇಳ್ತಾ ಇದೀನಿ. ಅವತ್ತು ಕೇಳ್ಬೇಕಿತ್ತು. ಈಗ ಕೇಳ್ತಿದೀನಿ."

ಹನುಮಮ್ಮ ಮಷಿನ್ನಿನ ಮೇಲೆ ಕೈ ಇಟ್ಟರು. ಸೂಜಿ ಹಿಡಿಯುವ ತಿರುಪನ್ನು ಒಂದು ಸುತ್ತು ತಿರುಗಿಸಿ ಬಿಗಿಯಾಗಿದೆಯಾ ನೋಡಿದರು, ಅಭ್ಯಾಸ ಬಲ. ನನಗೆ ಒಂದು ಕ್ಷಣ ಕೂತುಬಿಡುತ್ತಾರೆ ಅನ್ನಿಸಿತು.

"ಬ್ಯಾಡ ತಿಪ್ಪೇಶ" ಅಂದರು. "ಮರ್ಯಾದೆಗೆ ಅಂತಿಲ್ಲ, ದಿಟವಾಗ್ಲೂ ಬ್ಯಾಡ. ಈ ಮೂರು ಹಟ್ಟಿ ಹೆಣ್ಮಕ್ಕಳ ಅಳತೆ ಎಲ್ಲಾ ನನ್ ತಲೆಯಾಗಿದ್ವು. ಯಾರಿಗೆ ತೋಳು ಬಿಗಿ, ಯಾರ ಬೆನ್ನು ಅಗಲ, ಯಾರು ಬಸುರಿ, ಒಂದ್ ಚೀಟಿ ಬರ್ದಿಟ್ಟೋಳಲ್ಲ ನಾನು. ಕಣ್ಮುಚ್ಚಿದ್ರೆ ಬರ್ತಿದ್ವು. ಒಂದು ವರ್ಷದ ಮ್ಯಾಲಾತು. ಈಗ ಯಾರು ದಪ್ಪ ಆಗವ್ರೋ ಯಾರು ಇಳಿದವ್ರೋ ನಂಗೇನು ಗೊತ್ತು? ಎಲ್ರೂ ಮತ್ತೋಡಿಗೆ ಹೋಗಿ ಹೊಲಿಸ್ತಾರೆ. ಅವ್ರು ಬರ್ದೆ ನಾನ್ ಯಾರಿಗೆ ಹೊಲೀಲಿ?"

"ನಾನು ಹೋಗಿ ಹೇಳ್ತೀನವ್ವ, ಮತ್ತೆ ಬರ್ತಾರೆ."

"ಹೇಳಿ ಕರ್ಸೋದಲ್ಲ ಕಣಪ್ಪ ಅದು. ಬಟ್ಟೆ ಒಂದು ನೆಪ. ಮಧ್ಯಾನ ಬರೋರು, ಕುಂತ್ಕಂಡು ಅತ್ತೆ ಸುದ್ದಿ, ಸೊಸೆ ಸುದ್ದಿ. ಅಳೋರು ಅಳೋರು, ನಗೋರು ನಗೋರು. ಈಗ ಈ ದಾರೀಲಿ ಫ್ರಿಜ್ ನೋಡೋರು ಬಿಟ್ರೆ ಯಾರೂ ಬರಲ್ಲ."

ರೇಣುಕಕ್ಕ ಹೋಗಿ ಹನುಮಮ್ಮನ ಪಕ್ಕ ಕೂತರು. ಅವರಿಬ್ಬರೂ ಒಂದು ಗಂಟೆ ಏನೇನೋ ಮಾತಾಡಿದರು, ನಾವು ಹೊರಗೆ ಕಾದೆವು. ಸಂಜೆ ತಿಪ್ಪೇಶಣ್ಣ ಮಷಿನ್ನನ್ನೂ ಪ್ಯಾನೆಲ್ಲನ್ನೂ ಮತ್ತೆ ಬೈಕಿನ ಹಿಂದೆ ಕಟ್ಟಿಕೊಂಡೇ ವಾಪಸ್ ಹೊರಟರು. ಆ ಮಷಿನ್ ಕೆಲವು ತಿಂಗಳು ಅಂಗಡಿಯಲ್ಲಿತ್ತು, ಆಮೇಲೆ ಹೊಳಲ್ಕೆರೆ ಹತ್ತಿರ ಕಂಬ ಇಲ್ಲದ ಇನ್ನೊಂದು ಮನೆಗೆ ಹೋಯಿತು. ಅಲ್ಲಿ ಚೆನ್ನಾಗಿ ಓಡುತ್ತಿದೆ. ಅದನ್ನು ಹೇಳಿದರೆ ತಿಪ್ಪೇಶಣ್ಣನಿಗೆ ಸಮಾಧಾನ ಆಗಬಹುದು ಅಂದುಕೊಂಡಿದ್ದೆ. "ಅದು ಬೇರೆ ಮನೆ ಕಣಮ್ಮ" ಅಂದರು, ಅಷ್ಟೇ.

ಈಗ ಅವರು ಕೆಲಸ ಮಾಡುವ ರೀತಿ ಬದಲಾಗಿದೆ. ಜಗಲಿಯಲ್ಲಿ ಕೂರುವುದಿಲ್ಲ. ಸೀದಾ ಅಡುಗೆಮನೆ ಬಾಗಿಲಿಗೆ ಹೋಗಿ, "ಅವ್ವಾ, ಮೊದ್ಲು ನಿನ್ ಪಾಲು ನೀನು ಎತ್ತಿಟ್ಕ" ಅಂತ ಬೀಜ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಯಾಕೆ ಏನು ಅಂತ ಕೇಳುವುದಿಲ್ಲ. ಬೇಡ ಅಂದರೆ ಬಾವಿ ನೋಡಿ ಬರುತ್ತೇನೆ ಅಂತ ಹೊರಗೆ ಹೋಗಿ, ಬಂದು ಮತ್ತೆ ಕೇಳುತ್ತಾರೆ. ಕೆಲವು ಗಂಡಸರಿಗೆ ಇದು ಸಿಟ್ಟು ತರಿಸುತ್ತದೆ. ಒಬ್ಬರು, "ಏನಯ್ಯ, ಸೋಲಾರ್ ಹಾಕ್ತೀಯೋ ಸಂಸಾರ ಒಡಿತೀಯೋ?" ಅಂತ ಕೂಗಾಡಿ ಪೇಟೆಯಿಂದ ರೆಡಿಮೇಡ್ ಕಿಟ್ ತಂದು ಹಾಕಿಸಿಕೊಂಡರು. ಹೀಗೆ ಎಷ್ಟೋ ಮನೆ ಕೈತಪ್ಪಿವೆ. ಆದರೆ ಕೈಗೆ ಬೀಜ ಸಿಕ್ಕ ಹೆಂಗಸರು ಏನೇನು ಕೇಳುತ್ತಾರೆ ಗೊತ್ತಾ? ದನದ ಕೊಟ್ಟಿಗೆಗೆ ಒಂದು ಬಲ್ಬು. ಒಲೆಯ ಹತ್ತಿರ ಹೊಗೆ ಎಳೆಯುವ ಪುಟ್ಟ ಫ್ಯಾನು. ಮಜ್ಜಿಗೆ ಕಡೆಯುವ ಮೋಟರು. ಸಿರಿಗೆರೆಯಲ್ಲಿ ಓದುವ ಮಗಳು ರಜಕ್ಕೆ ಬಂದಾಗ ಓದಿಕೊಳ್ಳಲಿ ಅಂತ ಒಂದು ಮೇಜಿನ ದೀಪ. ಎಲ್ಲ ಎರಡು ಬೀಜ, ನಾಲ್ಕು ಬೀಜ, ಆರು ಬೀಜದ ಆಸೆಗಳು.

ರೇಣುಕಕ್ಕ ಮಾತ್ರ ಬಿಡುವುದಿಲ್ಲ. "ಊರೋರ ಹೆಂಡ್ರನ್ನೆಲ್ಲ ಮೂರ್ಮೂರು ಸಲ ಕೇಳ್ತಾರೆ, ಮನೇಲಿ ಒಂದ್ಸಲನಾದ್ರೂ ಕೇಳ್ರಿ ನೋಡಾಣ" ಅಂತ ನನ್ನೆದುರಿಗೇ ಚುಚ್ಚುತ್ತಾರೆ. ತಿಪ್ಪೇಶಣ್ಣ ನಗುತ್ತಾರೆ, ಆದರೆ ಮೊದಲಿನ ನಗು ಅಲ್ಲ ಅದು. ಇಸ್ತ್ರಿ ಪೆಟ್ಟಿಗೆಯ ಜೋಕನ್ನೂ ಈಗ ಹೇಳುವುದಿಲ್ಲ. ನಾನು ನೆನಪಿಸಿದರೆ, "ಅವತ್ತು ನಗಿಸೋದ್ರಾಗೇ ಇದ್ದೆ ಕಣಮ್ಮ ನಾನು" ಅನ್ನುತ್ತಾರೆ.

ಹನುಮಮ್ಮನಿಗೆ ಅವರ ಮೇಲೆ ಸಿಟ್ಟಿಲ್ಲ, ಅದೇ ತಿಪ್ಪೇಶಣ್ಣನಿಗೆ ಕಷ್ಟ. ಆ ಕಡೆ ಯಾರಾದರೂ ಹೊಸದಾಗಿ ಮನೆ ಕಟ್ಟಿಕೊಂಡರೆ, "ತಿಪ್ಪೇಶನ್ನ ಕರ್ಸ್ಕಳ್ರಿ. ಒಳ್ಳೇವ್ನೇ, ಮುಂಚೆ ಸ್ವಲ್ಪ ಕಿವಿ ಮಂದ ಇತ್ತು" ಅಂತ ಹೇಳಿ ಕಳಿಸುತ್ತಾರೆ. ಮೂರು ಮನೆ ಹಾಗೆ ಬಂದಿವೆ. ಪ್ರತಿ ಸಲವೂ ತಿಪ್ಪೇಶಣ್ಣ ಹನುಮಮ್ಮನ ಮನೆಗೆ ಹೋಗಿ ಪ್ಯಾನೆಲ್ಲು ಒರೆಸಿಕೊಟ್ಟು ಬರುತ್ತಾರೆ. ಕಿಟಕಿ ಹತ್ತಿರದ ಜಾಗ ಖಾಲಿ ಇದೆ. ಹನುಮಮ್ಮ ಈಗ ಅಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತಾರೆ, ದಾರಿ ಕಡೆ ಮುಖ ಮಾಡಿಕೊಂಡು.

ತಿಪ್ಪೇಶಣ್ಣನನ್ನು ನೋಡಬೇಕು ಅಂದರೆ ಹೊಸದುರ್ಗದಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ, ಹೋಗಿ, ಒಳ್ಳೆಯ ಮನುಷ್ಯ. ಆದರೆ ನಾನು ಕೇಳಿಕೊಳ್ಳುವುದು ಬೇರೆ. ಮತ್ತೋಡಿನಲ್ಲಿ ಬಸ್ಸಿಳಿದು ಗಾಳಿಯಂತ್ರದ ಗುಡ್ಡದ ಕಡೆ ನಡೆದರೆ ಮುಕ್ಕಾಲು ಗಂಟೆ, ಹಳ್ಳ ದಾಟಿದ ಮೇಲೆ ಮೊದಲನೇ ಮನೆ. ಫ್ರಿಜ್ ನೋಡಲು ಬಂದೆ ಅನ್ನಬೇಡಿ. ಯಾವ ಕೆಲಸವೂ ಇಲ್ಲದೆ, ಒಂದು ಮಧ್ಯಾಹ್ನ, ಸುಮ್ಮನೆ ಹೋಗಿ ಹನುಮಮ್ಮನ ಹತ್ತಿರ ಕೂತು ಮಾತಾಡಿಸಿ ಬನ್ನಿ.